ಮಗಳು ಆಟ ಬಿಟ್ಟಿದ್ದಾಳೆ, ಇದು ಹಠವೇ, ಖಿನ್ನತೆಯೇ?

ಪ್ರಶ್ನೆ: ನನ್ನ ಮಗಳಿಗೆ 7 ವರ್ಷ. ಎರಡೂವರೆ ತಿಂಗಳಿಂದ ಅವಳು ಮೊದಲಿನಂತಿಲ್ಲ. ಸದಾ ಚಿತ್ರ ಬಿಡಿಸುತ್ತಿದ್ದವಳು ಈಗ ಬಣ್ಣದ ಪೆಟ್ಟಿಗೆಯನ್ನು ಮುಟ್ಟುವುದಿಲ್ಲ. ಜೊತೆಯ ಮಕ್ಕಳು ಬಾಗಿಲಿಗೆ ಬಂದು ಕರೆದರೂ ಆಟಕ್ಕೆ ಹೋಗುವುದಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಹೊಟ್ಟೆನೋವು ಎನ್ನುತ್ತಾಳೆ. ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣಲಿಲ್ಲ. ಸಣ್ಣ ಮಾತಿಗೂ ತಮ್ಮನ ಮೇಲೆ ರೇಗುತ್ತಾಳೆ. ಎಷ್ಟೋ ರಾತ್ರಿ ಎದ್ದು ಸುಮ್ಮನೆ ಕುಳಿತಿರುತ್ತಾಳೆ. ಆರು ತಿಂಗಳ ಹಿಂದೆ ನಮ್ಮ ಮನೆ, ಅವಳ ಶಾಲೆ ಎರಡೂ ಬದಲಾದವು. ಕಳೆದ ವಾರ, 'ನಾನು ಕೆಟ್ಟ ಹುಡುಗಿ, ನಾನಿಲ್ಲದಿದ್ದರೆ ನಿಮಗೆಲ್ಲ ಚೆನ್ನಾಗಿರುತ್ತದೆ' ಎಂದಳು. ನನಗೆ ಕೈಕಾಲೇ ಆಡಲಿಲ್ಲ. 'ಇಷ್ಟು ಚಿಕ್ಕವಳಿಗೆ ಎಂಥ ಖಿನ್ನತೆ, ಮುದ್ದು ಹೆಚ್ಚಾಗಿ ಹಠ ಬಂದಿದೆ' ಎನ್ನುತ್ತಾರೆ ಮನೆಯ ಹಿರಿಯರು. ಇಷ್ಟು ಸಣ್ಣ ಮಕ್ಕಳಿಗೂ ಖಿನ್ನತೆ ಬರುತ್ತದೆಯೇ? ನಮ್ಮಿಂದಲೇ ಹೀಗಾಯಿತೇ? ಮನೆಯಲ್ಲಿ ನಾನು ಏನು ಮಾಡಬೇಕು? ಮನೋವೈದ್ಯರ ಬಳಿ ಕರೆದುಕೊಂಡು ಹೋಗುವುದಾದರೆ ಅವಳಿಗೆ ಏನೆಂದು ಹೇಳಲಿ?

ಉತ್ತರ: ಅವಳ ಆ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದನ್ನು ನಾಳೆಗೆ ಬಿಡುವಂತಿಲ್ಲ. 'ನಾನಿಲ್ಲದಿದ್ದರೆ' ಎಂದು 7 ವರ್ಷದ ಮಗು ಹೇಳಿದಾಗ ಅದರ ಅರ್ಥ ಹಲವು ಇರಬಹುದು. ಎಲ್ಲಾದರೂ ಹೊರಟುಹೋಗಬೇಕು ಎನಿಸಿರಬಹುದು. ತಾನು ಯಾರಿಗೂ ಬೇಡ ಎಂಬ ನೋವಿಗೆ ಬೇರೆ ಮಾತು ಸಿಗದೆ ಹಾಗೆ ಹೇಳಿರಬಹುದು. ನಿಜವಾಗಿಯೂ ಸಾವಿನ ಯೋಚನೆಯೇ ಇರಬಹುದು. ಸತ್ತವರು ಮರಳಿ ಬರುವುದಿಲ್ಲ ಎಂಬುದು ಮಕ್ಕಳಿಗೆ ಸಾಮಾನ್ಯವಾಗಿ 5ರಿಂದ 7 ವರ್ಷದ ನಡುವೆ ತಿಳಿಯತೊಡಗುತ್ತದೆ. ಆದ್ದರಿಂದ 'ಅವಳಿಗೇನು ಗೊತ್ತಾಗುತ್ತದೆ' ಎಂದು ತಳ್ಳಿಹಾಕುವಂತಿಲ್ಲ. ಅವಳು ಏನನ್ನು ಹೇಳುತ್ತಿದ್ದಾಳೆ ಎಂಬುದನ್ನು ಅವಳನ್ನೇ ಕೇಳಿ ತಿಳಿಯಬೇಕು.

ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ಬಹಳ ತಂದೆತಾಯಿಯರಿಗಿದೆ. ಹಾಗಾಗುವುದಿಲ್ಲ. ಒಳಗೆ ಅಂಥ ಯೋಚನೆ ಇದ್ದ ಮಗುವಿಗೆ ದೊಡ್ಡವರೊಬ್ಬರು ನೇರವಾಗಿ ಕೇಳಿದಾಗ ಭಾರ ಇಳಿಯುತ್ತದೆ. ಇಲ್ಲದ ಮಗು ಇಲ್ಲ ಎನ್ನುತ್ತದೆ. ಅವಳ ತಮ್ಮ ಹತ್ತಿರವಿಲ್ಲದ ಹೊತ್ತಿನಲ್ಲಿ, ಎದುರು ಕುಳಿತು ದಿಟ್ಟಿಸದೆ, ಪಕ್ಕದಲ್ಲಿ ಮಲಗಿಕೊಂಡೋ ಬಟ್ಟೆ ಮಡಚುತ್ತಲೋ ಕೇಳಿ: 'ಅವತ್ತು ನಾನಿಲ್ಲದಿದ್ದರೆ ಅಂದೆಯಲ್ಲ, ಆಗ ನಿನಗೆ ಏನು ಅನಿಸುತ್ತಿತ್ತು?' ಉತ್ತರಕ್ಕೆ ಕಾಯಿರಿ. ಬಳಿಕ, 'ಸತ್ತುಹೋಗಬೇಕು ಅಂತ, ನಿನಗೆ ನೀನೇ ನೋವು ಮಾಡಿಕೊಳ್ಳಬೇಕು ಅಂತ ಯಾವಾಗಲಾದರೂ ಅನಿಸಿದೆಯಾ?' ಎಂದು ಅದೇ ಸ್ವರದಲ್ಲಿ ಕೇಳಿ. ಹೌದು ಎಂದರೆ ಬೈಯಬೇಡಿ, ಅತ್ತು ಅವಳನ್ನು ಹೆದರಿಸಬೇಡಿ, 'ಹಾಗೆಲ್ಲ ಅನ್ನಬಾರದು' ಎಂದು ಬಾಯಿ ಮುಚ್ಚಿಸಬೇಡಿ. 'ಹೇಳಿದ್ದು ಒಳ್ಳೆಯದಾಯಿತು, ಇದನ್ನು ನೀನೊಬ್ಬಳೇ ಇಟ್ಟುಕೊಳ್ಳಬೇಕಾಗಿಲ್ಲ, ನಾನಿದ್ದೇನೆ' ಎನ್ನಿ. ಹೇಗೆ ಎಂಬುದನ್ನೂ ಅವಳು ಹೇಳಿದರೆ, ಅಥವಾ ತನಗೆ ತಾನೇ ಪೆಟ್ಟು ಮಾಡಿಕೊಂಡಿದ್ದರೆ, ಒಂಟಿಯಾಗಿ ಬಿಡದೆ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅವಳು ಏನೇ ಹೇಳಲಿ, ಇವತ್ತೇ ಮನೆಯಲ್ಲಿರುವ ಮಾತ್ರೆಗಳು, ಕೀಟನಾಶಕ, ಸ್ವಚ್ಛತೆಯ ದ್ರಾವಣಗಳು, ಹರಿತವಾದ ವಸ್ತುಗಳು ಬೀಗದೊಳಗೆ ಹೋಗಲಿ. ತಾರಸಿಯ ಬಾಗಿಲಿಗೂ ಬೀಗ ಬೀಳಲಿ. ಇಷ್ಟು ಚಿಕ್ಕವರಲ್ಲಿ ಆತ್ಮಹತ್ಯೆ ಬಹಳ ವಿರಳ. ಆದರೆ ಈ ವಯಸ್ಸಿನ ಮಕ್ಕಳು ಯೋಚಿಸಿದ್ದಕ್ಕೂ ಮಾಡುವುದಕ್ಕೂ ನಡುವೆ ಹೆಚ್ಚು ಹೊತ್ತು ತೆಗೆದುಕೊಳ್ಳುವುದಿಲ್ಲ, ಅದಕ್ಕೇ ಈ ಎಚ್ಚರ.

ಇನ್ನು ಖಿನ್ನತೆ ಬರುತ್ತದೆಯೇ ಎಂಬ ಪ್ರಶ್ನೆ. ಬರುತ್ತದೆ. ನಿಮ್ಮ ಮನೆಯ ಹಿರಿಯರ ಮಾತನ್ನು ಒಂದು ಕಾಲದಲ್ಲಿ ಮನೋವೈದ್ಯರೇ ಆಡುತ್ತಿದ್ದರು. ಮಗುವಿನ ಮನಸ್ಸು ಖಿನ್ನತೆಯನ್ನು ಹೊರುವಷ್ಟು ಬಲಿತಿರುವುದಿಲ್ಲ ಎಂಬುದು ಆಗಿನ ನಂಬಿಕೆ. ಆ ನಂಬಿಕೆ ಚಾಲ್ತಿಯಲ್ಲಿದ್ದಾಗಲೇ, 1946ರಲ್ಲಿ ರೆನೆ ಸ್ಪಿಟ್ಜ್ ಎಂಬ ವೈದ್ಯರು ತಾಯಿಯಿಂದ ದೂರವಾದ ಹಸುಳೆಗಳನ್ನು ಗಮನಿಸಿ ಬರೆದಿದ್ದರು: ಮೊದಲು ಅಳು, ಆಮೇಲೆ ಮೌನ, ತೂಕ ಇಳಿಕೆ, ಹತ್ತಿರ ಬಂದವರಿಂದ ಮುಖ ತಿರುಗಿಸುವುದು. ಕೆಲವೇ ತಿಂಗಳಲ್ಲಿ ತಾಯಿ ಮರಳಿದರೆ ಹೆಚ್ಚಿನ ಮಕ್ಕಳು ಚೇತರಿಸಿಕೊಳ್ಳುತ್ತಿದ್ದರು. ಆದರೂ ಶಾಲಾ ವಯಸ್ಸಿನ ಮಕ್ಕಳ ಖಿನ್ನತೆಯನ್ನು ದೊಡ್ಡವರ ಖಿನ್ನತೆಯ ಮಾನದಂಡಗಳಿಂದಲೇ ಗುರುತಿಸಬಹುದು ಎಂದು ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿ ಒಪ್ಪಿದ್ದು 1980ರಲ್ಲಿ. ಅಲ್ಲಿಂದ ಮುಂದೆ ಅಮೆರಿಕದ ಮಕ್ಕಳ ಮನೋವೈದ್ಯೆ ಜೋನ್ ಲೂಬಿ ಮತ್ತು ಅವರ ಸಂಗಡಿಗರು 3 ವರ್ಷದ ಮಕ್ಕಳಲ್ಲೂ ಅದನ್ನು ಗುರುತಿಸಿ, ವರ್ಷಗಟ್ಟಲೆ ಹಿಂಬಾಲಿಸಿ ನೋಡಿದರು. ಆದ್ದರಿಂದ ಹಿರಿಯರ ಮೇಲೆ ಕೋಪ ಬೇಡ. ವಿಜ್ಞಾನವೇ ನಿಧಾನವಾಗಿ ಕಲಿತ ಪಾಠ ಇದು.

ಮಗುವಿನ ಖಿನ್ನತೆ ಕಣ್ತಪ್ಪಿ ಹೋಗುವುದು ಏಕೆಂದರೆ ಅದು ದುಃಖದ ವೇಷದಲ್ಲಿ ಬರುವುದೇ ಕಡಿಮೆ. 'ನನಗೆ ಬೇಸರವಾಗಿದೆ' ಎಂದು ಹೇಳಲು ಬೇಕಾದ ಮಾತು ಏಳರ ಮಗುವಿನ ಬಳಿ ಇರುವುದಿಲ್ಲ. ಅದು ಹೊಟ್ಟೆ ಹಿಡಿದುಕೊಳ್ಳುತ್ತದೆ, ತಲೆನೋವು ಎನ್ನುತ್ತದೆ, ರೇಗುತ್ತದೆ, ರಚ್ಚೆ ಹಿಡಿಯುತ್ತದೆ. ಮಕ್ಕಳಲ್ಲಿ ಮಂಕುತನದ ಬದಲು ಸದಾ ಸಿಡಿಮಿಡಿಯೇ ಇದ್ದರೂ ಅದನ್ನು ಖಿನ್ನತೆಯ ಲಕ್ಷಣವೆಂದೇ ಎಣಿಸಬೇಕು ಎಂದು ಕೈಪಿಡಿಗಳು ಹೇಳುತ್ತವೆ. ತೂಕ ಇಳಿಯದಿದ್ದರೂ, ವಯಸ್ಸಿಗೆ ತಕ್ಕಂತೆ ಏರದಿರುವುದೂ ಲೆಕ್ಕಕ್ಕೆ ಬರುತ್ತದೆ. ಹೊಟ್ಟೆನೋವು ಸುಳ್ಳಲ್ಲ ಎಂಬುದನ್ನು ದಯವಿಟ್ಟು ಮನೆಯವರೆಲ್ಲರಿಗೂ ಹೇಳಿ. ಸ್ಕ್ಯಾನಿಂಗ್‌ನಲ್ಲಿ ಕಾಣದ ಮಾತ್ರಕ್ಕೆ ಅವಳಿಗೆ ಆಗುವ ನೋವು ನಾಟಕವಾಗುವುದಿಲ್ಲ. ಕರುಳಿನ ನರಗಳಿಗೂ ಮಿದುಳಿಗೂ ನಡುವೆ ಎಡೆಬಿಡದೆ ಸಂದೇಶ ಓಡಾಡುತ್ತಿರುತ್ತದೆ. ಮನಸ್ಸು ಬಿಗಿದಾಗ ಹೊಟ್ಟೆ ನಿಜವಾಗಿಯೇ ನೋಯುತ್ತದೆ.

ಹಠಕ್ಕೂ ಖಿನ್ನತೆಗೂ ವ್ಯತ್ಯಾಸ ಹೇಗೆ ತಿಳಿಯುವುದು? ನನ್ನ ಮಟ್ಟಿಗೆ ಉತ್ತರ ನಿಮ್ಮ ಪತ್ರದ ಬಣ್ಣದ ಪೆಟ್ಟಿಗೆಯಲ್ಲಿದೆ. ಹಠ ಮಾಡುವ ಮಗುವಿಗೆ ಏನೋ ಬೇಕಾಗಿರುತ್ತದೆ. ಅದು ಸಿಕ್ಕಿದ ಕ್ಷಣ, ಅಥವಾ ಗಮನ ಬೇರೆಡೆ ಹೊರಳಿದ ಕ್ಷಣ ಮುಖ ಅರಳುತ್ತದೆ. ಖಿನ್ನತೆಯ ಮಗುವಿಗೆ ಬೇಕಾದದ್ದೇ ಏನೂ ಉಳಿದಿರುವುದಿಲ್ಲ. ಆಟವೆಂದರೆ ಮಕ್ಕಳಿಗೆ ಉಸಿರಿದ್ದಂತೆ. ಜ್ವರ ಬಂದ ಮಗುವೂ ತುಸು ಇಳಿದೊಡನೆ ಹಾಸಿಗೆಯಲ್ಲೇ ಆಡತೊಡಗುತ್ತದೆ. ಅಂಥ ಆಟದ ರುಚಿಯೇ ವಾರಗಟ್ಟಲೆ ಕೆಟ್ಟಿದ್ದರೆ ಅದಕ್ಕಿಂತ ಗಟ್ಟಿಯಾದ ಸುಳಿವು ನನಗೆ ಗೊತ್ತಿಲ್ಲ. ಎರಡನೆಯದು ತಪ್ಪಿತಸ್ಥ ಭಾವ. ತಪ್ಪು ಮಾಡಿದಾಗ 'ನಾನು ಕೆಟ್ಟ ಕೆಲಸ ಮಾಡಿದೆ' ಎನ್ನುವುದು ಆರೋಗ್ಯವಂತ ಮಗು. ಏನೂ ಮಾಡದೆ 'ನಾನೇ ಕೆಟ್ಟವಳು' ಎನ್ನುವ ಮಗುವಿನ ಬಗ್ಗೆ ನಾವು ಎಚ್ಚೆತ್ತುಕೊಳ್ಳಬೇಕು. ಲೂಬಿಯವರ ಅಧ್ಯಯನಗಳಲ್ಲೂ ತೀರ ಚಿಕ್ಕ ಮಕ್ಕಳ ಖಿನ್ನತೆಯನ್ನು ಬೇರೆ ತೊಂದರೆಗಳಿಂದ ವಿಂಗಡಿಸಿ ತೋರಿಸಿದ ಲಕ್ಷಣಗಳಲ್ಲಿ ಈ ಎರಡೂ ಇದ್ದವು.

ವೈದ್ಯರು ಸಾಮಾನ್ಯವಾಗಿ 2 ವಾರ ಎಂಬ ಗಡಿ ಹಾಕಿಕೊಳ್ಳುತ್ತಾರೆ: ಲಕ್ಷಣಗಳು ದಿನದ ಹೆಚ್ಚು ಹೊತ್ತು, ಹೆಚ್ಚು ದಿನ, ಕನಿಷ್ಠ 2 ವಾರ ಇದ್ದು, ಮಗುವಿನ ನಿತ್ಯದ ಬದುಕು ಕೆಟ್ಟಿದ್ದರೆ ಖಿನ್ನತೆಯ ಅನುಮಾನ ಬಲವಾಗುತ್ತದೆ. ನಿಮ್ಮ ಮಗಳಿಗೆ ಎರಡೂವರೆ ತಿಂಗಳಾಗಿದೆ. ಅವಳನ್ನು ನೋಡದೆ ಕಾಯಿಲೆಯ ಹೆಸರು ಹೇಳುವುದು ಸರಿಯಲ್ಲ, ಹೇಳುವುದಿಲ್ಲ. ಆದರೆ ಇನ್ನೂ ಕಾದು ನೋಡೋಣ ಎಂದು ನಾನು ಖಂಡಿತ ಹೇಳಲಾರೆ. ಈ ವಾರದಲ್ಲೇ ತೋರಿಸಿ.

ಮೊದಲು ಮಕ್ಕಳ ವೈದ್ಯರ ಬಳಿಗೇ ಹೋಗಿ. ರಕ್ತಹೀನತೆ, ಥೈರಾಯ್ಡ್ ಗ್ರಂಥಿಯ ಮಂದಗತಿ, ಬಿ12 ಜೀವಸತ್ವದ ಕೊರತೆ, ಮೂಗಿನ ಹಿಂದಿನ ಗ್ರಂಥಿ ಊದಿ ನಿದ್ರೆಯಲ್ಲಿ ಉಸಿರು ಕಟ್ಟುವುದು, ಇವೆಲ್ಲ ಮಗುವನ್ನು ಮಂಕಾಗಿಸಬಲ್ಲವು, ಸಿಡುಕಾಗಿಸಬಲ್ಲವು. ರಾತ್ರಿ ಗೊರಕೆ ಇದ್ದರೆ ಮರೆಯದೆ ಹೇಳಿ. ಈಚೆಗೆ ಯಾವುದಾದರೂ ಔಷಧ ಶುರುವಾಗಿದ್ದರೆ ಅದನ್ನೂ ಹೇಳಿ. ಸ್ಟಿರಾಯ್ಡ್‌ನಂಥ ಕೆಲವು ಔಷಧಗಳು ಮನಸ್ಥಿತಿಯನ್ನು ಏರುಪೇರು ಮಾಡುತ್ತವೆ. ಇವು ಯಾವುವೂ ಇಲ್ಲವೆಂದಾದರೆ, ಇದ್ದರೂ ಅವುಗಳ ಚಿಕಿತ್ಸೆಯ ಜೊತೆಗೆ, ಮಕ್ಕಳ ಮನೋವೈದ್ಯರು ಅಥವಾ ಮಕ್ಕಳೊಂದಿಗೆ ಕೆಲಸ ಮಾಡಿ ಅನುಭವವಿರುವ ಮನಶ್ಶಾಸ್ತ್ರಜ್ಞರು ಬೇಕು.

ಅದರ ನಡುವೆ ಶಾಲೆಯ ಕಡೆ ಒಮ್ಮೆ ಗಟ್ಟಿಯಾಗಿ ನೋಡಿ. ಹೊಸ ಶಾಲೆ, ಬೆಳಗಿನ ಹೊಟ್ಟೆನೋವು ಎರಡೂ ಒಟ್ಟಿಗೆ ಇರುವಾಗ ರಜಾದಿನಗಳಲ್ಲಿ ನೋವು ಬರುತ್ತದೆಯೇ ಎಂದು ಗುರುತಿಟ್ಟುಕೊಳ್ಳಿ. ರಜೆಯಲ್ಲಿ ನೋವಿಲ್ಲದಿದ್ದರೆ ಶಾಲೆಯಲ್ಲಿ ಏನೋ ಇದೆ. ಯಾರಾದರೂ ಕಾಡುತ್ತಿರಬಹುದು, ಊಟದ ಹೊತ್ತಿನಲ್ಲಿ ಒಂಟಿಯಾಗಿ ಕೂರುತ್ತಿರಬಹುದು, ಓದುವಾಗ ಅಕ್ಷರಗಳು ಹಿಡಿತಕ್ಕೆ ಸಿಗದೆ ಅವಮಾನ ಅನುಭವಿಸುತ್ತಿರಬಹುದು. ಕಲಿಕೆಯ ತೊಂದರೆ ಗೊತ್ತಾಗದೆ ಉಳಿದ ಮಕ್ಕಳು 'ನಾನು ದಡ್ಡ' ಎಂಬಲ್ಲಿಂದ 'ನಾನು ಕೆಟ್ಟವನು' ಎಂಬಲ್ಲಿಗೆ ಬಹಳ ಬೇಗ ತಲುಪುತ್ತಾರೆ. ಇನ್ನೊಂದನ್ನು ಬರೆಯಲು ಮನಸ್ಸು ಬಾರದಿದ್ದರೂ ಬರೆಯಲೇಬೇಕು. ಇದ್ದಕ್ಕಿದ್ದಂತೆ ಬದಲಾದ ಮಗುವನ್ನು ಯಾರಾದರೂ ಮುಟ್ಟಬಾರದ ರೀತಿಯಲ್ಲಿ ಮುಟ್ಟಿದ್ದಾರೆಯೇ, ಹೆದರಿಸಿದ್ದಾರೆಯೇ ಎಂಬ ಪ್ರಶ್ನೆಯನ್ನು ಬಿಡುವಂತಿಲ್ಲ. ಅವಳನ್ನು ವಿಚಾರಣೆಗೆ ಎಳೆಯಬೇಡಿ, ಉತ್ತರವನ್ನು ಬಾಯಿಗೆ ತುರುಕಬೇಡಿ. 'ಯಾರಾದರೂ ನಿನಗೆ ಇಷ್ಟವಾಗದ ಹಾಗೆ ನಡೆದುಕೊಂಡಿದ್ದಾರಾ? ಗುಟ್ಟಾಗಿಡು ಎಂದು ಹೇಳಿದ್ದರೂ ನನಗೆ ಹೇಳಬಹುದು, ನಾನು ನಿನ್ನ ಮೇಲೆ ಸಿಟ್ಟಾಗುವುದಿಲ್ಲ' ಎಂದು ಒಮ್ಮೆ ಹೇಳಿ ಬಾಗಿಲು ತೆರೆದಿಡಿ.

ಮನೆಯಲ್ಲಿ ಏನು ಮಾಡಬೇಕು ಎಂದಿದ್ದೀರಿ. ಹೆಚ್ಚಿನ ಪ್ರೀತಿಯ ಮನೆಗಳು ಎಡವುವ ಜಾಗವೇ ಇದು, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮಗು ಸಪ್ಪಗಾದರೆ ನಮಗೆ ತಡೆಯುವುದಿಲ್ಲ, ನಗಿಸಲು ಹೊರಡುತ್ತೇವೆ. ಹೊಸ ಗೊಂಬೆ ತರುತ್ತೇವೆ, ಹೊರಗೆ ಕರೆದೊಯ್ಯುತ್ತೇವೆ. 'ನಿನಗೇನು ಕಡಿಮೆಯಾಗಿದೆ ಹೇಳು' ಎನ್ನುತ್ತೇವೆ. 'ನೀನು ಕೆಟ್ಟವಳಲ್ಲ, ಚಿನ್ನದಂಥ ಹುಡುಗಿ' ಎಂದು ಅವಳ ಮಾತು ಮುಗಿಯುವ ಮೊದಲೇ ಅಳಿಸಿಬಿಡುತ್ತೇವೆ. ಇದರಲ್ಲಿ ಅಕ್ಕರೆ ಇದೆ, ಆದರೆ ಮಗುವಿಗೆ ಕೇಳಿಸುವುದೇ ಬೇರೆ: ನನ್ನ ದುಃಖ ಅಮ್ಮನಿಗೆ ಬೇಡ. ನಗಲಾಗದಿದ್ದುದಕ್ಕೆ ಅವಳು ಮತ್ತೆ ತನ್ನನ್ನೇ ದೂರಿಕೊಳ್ಳುತ್ತಾಳೆ. ನಿಮ್ಮನ್ನು ಸಮಾಧಾನಪಡಿಸಲು ನಗುವುದನ್ನೂ ಕಲಿತುಬಿಡಬಹುದು, ಆಗ ನಮಗೆ ಏನೂ ಕಾಣದಂತಾಗುತ್ತದೆ.

ಅವಳನ್ನು ನಗಿಸುವ ಹೊಣೆಯನ್ನು ಸದ್ಯಕ್ಕೆ ಇಳಿಸಿಡಿ. ಅವಳ ದುಃಖದ ಪಕ್ಕದಲ್ಲಿ ಕುಳಿತುಕೊಳ್ಳಲು ಕಲಿಯಿರಿ. 'ನಾನು ಕೆಟ್ಟವಳು' ಎಂದಾಗ ತಕ್ಷಣ ಅಲ್ಲಗಳೆಯುವ ಬದಲು, 'ಹಾಗೆ ಅನಿಸಿದರೆ ಒಳಗೆ ತುಂಬಾ ನೋವಾಗುತ್ತಿರಬೇಕು ಅಲ್ಲವಾ' ಎನ್ನಿ. ಅವಳು ಹ್ಞೂಂ ಎಂದರೆ ಸ್ವಲ್ಪ ಹೊತ್ತು ಸುಮ್ಮನಿರಿ. ಆ ಸುಮ್ಮನಿರುವಿಕೆ ಬಹಳ ಕಷ್ಟ, ಆದರೆ ಅಲ್ಲೇ ಮುಂದಿನ ಮಾತು ಹುಟ್ಟುವುದು. ಆಮೇಲೆ ನಿಮ್ಮ ಮಾತು ಹೇಳಿ: 'ನನಗೆ ಹಾಗೆ ಅನಿಸುವುದಿಲ್ಲ. ನೀನು ಇಲ್ಲದ ಮನೆ ನನಗೆ ಬೇಡ.' ಮೊದಲು ಅವಳದ್ದು, ಆಮೇಲೆ ನಿಮ್ಮದು. ಈ ಕ್ರಮ ಮುಖ್ಯ.

ಭಾವನೆಗಳಿಗೆ ಹೆಸರಿಡುವುದೂ ಹೀಗೇ ಸಾಗಲಿ. ಬೇಸರ, ಭಯ, ಅಸೂಯೆ, ಒಂಟಿತನ, ನಾಚಿಕೆ ಇವುಗಳನ್ನು ಅವಳು ನಿಮ್ಮ ಬಾಯಿಂದ ಕೇಳಿ ಕಲಿಯಬೇಕು. ತಮ್ಮನಿಗೆ ಹೊಡೆದಾಗ, 'ಹೊಡೆಯುವುದಕ್ಕೆ ನಾನು ಬಿಡುವುದಿಲ್ಲ. ನಿನಗೆ ತುಂಬಾ ಸಿಟ್ಟು ಬಂದಿದೆ, ಅದು ಕಾಣುತ್ತಿದೆ' ಎಂದು ಕೈ ಹಿಡಿಯಿರಿ. ನಿಯಮ ಸಡಿಲಿಸಬೇಕಾಗಿಲ್ಲ, ಎಲ್ಲಕ್ಕೂ ಹೂಂ ಎನ್ನುವ ಮನೆಯಲ್ಲಿ ಖಿನ್ನತೆಯ ಮಗು ಇನ್ನಷ್ಟು ಹೆದರುತ್ತದೆ. ಬೈಗುಳ, ಹೋಲಿಕೆ, ಅವಮಾನ ಮಾತ್ರ ಸಂಪೂರ್ಣ ನಿಲ್ಲಬೇಕು. ತಮ್ಮನೊಂದಿಗೆ ಹೋಲಿಸುವ ಒಂದು ವಾಕ್ಯವೂ ಬೇಡ.

ದಿನಕ್ಕೆ 15 ನಿಮಿಷ ಅವಳೊಬ್ಬಳಿಗಾಗಿ ಇಡಿ. ಮೊಬೈಲ್ ಬೇರೆ ಕೋಣೆಯಲ್ಲಿರಲಿ. ಏನು ಮಾಡಬೇಕೆಂಬುದನ್ನು ಅವಳೇ ಆರಿಸಲಿ, ಏನೂ ಬೇಡವೆಂದರೆ ಬಣ್ಣದ ಪೆಟ್ಟಿಗೆ ತೆಗೆದು ನೀವೇ ಏನೋ ಗೀಚುತ್ತ ಕೂರಿ. 'ಬಾ, ನೀನೂ ಬಿಡಿಸು' ಎನ್ನಬೇಡಿ. ಮೊದಲ ದಿನ ಅವಳು ನೋಡದಿರಬಹುದು, ಐದನೆಯ ದಿನ ಒಂದು ಬಣ್ಣವನ್ನು ನಿಮ್ಮತ್ತ ತಳ್ಳಬಹುದು. ಹುರುಪು ಬಂದ ಮೇಲೆ ಆಡೋಣ ಎಂದು ಕಾದರೆ ಹುರುಪು ಬರುವುದಿಲ್ಲ. ತೀರ ಚಿಕ್ಕ ಚಟುವಟಿಕೆಯೇ ಹುರುಪನ್ನು ಎಳೆದು ತರುತ್ತದೆ. ಹಾಗೆಯೇ ಮಲಗುವ, ಏಳುವ ಹೊತ್ತು ದಿನವೂ ಒಂದೇ ಇರಲಿ. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ರೆ ಬೇಕು. ರಾತ್ರಿ ಎದ್ದು ಕುಳಿತಿದ್ದರೆ ದೀಪ ಹಾಕದೆ, ಪ್ರಶ್ನೆ ಕೇಳದೆ ಪಕ್ಕದಲ್ಲಿ ಕುಳಿತು ಬೆನ್ನ ಮೇಲೆ ಕೈ ಇಡಿ. ಬೆಳಿಗ್ಗೆ ಸ್ವಲ್ಪ ಬಿಸಿಲು, ಓಡಾಟ ಇರಲಿ. ಶಾಲೆಯನ್ನು ಪೂರ್ತಿ ಬಿಡಿಸಬೇಡಿ. ಬಿಟ್ಟಷ್ಟೂ ಮರಳುವುದು ಕಠಿಣವಾಗುತ್ತದೆ. ತರಗತಿಯ ಶಿಕ್ಷಕಿಗೆ ವಿಷಯ ತಿಳಿಸಿ, ಕೆಲವು ವಾರ ಎಲ್ಲರೆದುರು ಪ್ರಶ್ನೆ ಕೇಳದಿರುವಂತೆ, ಹೊಟ್ಟೆ ನೋಯುವಾಗ ಹೋಗಿ ಕೂರಲು ಒಂದು ಜಾಗ ಕೊಡುವಂತೆ ಕೇಳಿಕೊಳ್ಳಿ.

ನಮ್ಮಿಂದಲೇ ಹೀಗಾಯಿತೇ ಎಂದು ಕೇಳಿದ್ದೀರಿ. ಖಿನ್ನತೆ ಒಂದೇ ಎಳೆಯಿಂದ ಹೆಣೆದುಕೊಳ್ಳುವುದಿಲ್ಲ. ಕುಟುಂಬದಲ್ಲಿ ಹರಿದುಬರುವ ಒಲವು, ಮಗುವಿನ ಹುಟ್ಟುಗುಣ, ಅಗಲಿಕೆ, ಬದಲಾವಣೆ, ಕಾಯಿಲೆ, ಮನೆಯ ಒತ್ತಡ ಎಲ್ಲ ಸೇರುತ್ತವೆ. ಮನೆ ಬದಲಿಸಿದ್ದು ಅಪರಾಧವಲ್ಲ. ಆದರೆ ಅವಳು ಹಳೆಯ ಮನೆಗಾಗಿ, ಹಳೆಯ ಗೆಳತಿಗಾಗಿ ಅತ್ತಿದ್ದಾಳೆಯೇ? ಅಳಲು ಯಾರಾದರೂ ಬಿಟ್ಟಿದ್ದಾರೆಯೇ? ದೊಡ್ಡವರಿಗೆ ಹೊಸ ಮನೆ ಮುನ್ನಡೆ; ಮಗುವಿಗೆ ಅದೇ ಮನೆ ಕಳೆದುಕೊಂಡದ್ದರ ಗುರುತಾಗಿರಬಹುದು. ಮನೆಯಲ್ಲಿ ಜಗಳಗಳಿದ್ದರೆ ಅವಳು ಅದಕ್ಕೆ ತಾನೇ ಕಾರಣ ಎಂದುಕೊಂಡಿರುವ ಸಾಧ್ಯತೆಯೂ ಹೆಚ್ಚು. ಈ ವಯಸ್ಸಿನಲ್ಲಿ ಮಕ್ಕಳು ತಮ್ಮನ್ನೇ ನಡುವೆ ಇಟ್ಟು ಯೋಚಿಸುತ್ತಾರೆ. 'ನಾವು ಜಗಳವಾಡಿದ್ದು ದೊಡ್ಡವರ ವಿಷಯಕ್ಕೆ, ನಿನ್ನಿಂದಲ್ಲ' ಎಂದು ಬಾಯಿಬಿಟ್ಟು ಹೇಳಿ, ಒಂದು ಸಲ ಹೇಳಿದರೆ ಸಾಲದು.

ನಿಮ್ಮನ್ನೂ ಒಂದು ಮಾತು ಕೇಳುತ್ತೇನೆ. ನೀವು ಹೇಗಿದ್ದೀರಿ? ನಿದ್ರೆ ಬರುತ್ತಿದೆಯೇ? ಪತ್ರದಲ್ಲಿ ನಿಮ್ಮ ಬಗ್ಗೆ ಬರೆದಿರುವುದು ಕೈಕಾಲು ಆಡಲಿಲ್ಲ ಎಂಬುದೊಂದೇ. ಅಮೆರಿಕದ ಸಂಶೋಧಕಿ ಮರ್ನಾ ವೈಸ್‌ಮನ್ ಅವರ ತಂಡ 2006ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಖಿನ್ನತೆಗೆ ಚಿಕಿತ್ಸೆ ಪಡೆದು 3 ತಿಂಗಳಲ್ಲಿ ಗುಣಮುಖರಾದ ತಾಯಂದಿರ ಮಕ್ಕಳಲ್ಲಿ ಮಾನಸಿಕ ತೊಂದರೆಗಳು ಇಳಿದಿದ್ದವು. ತಾಯಿಯ ಖಿನ್ನತೆ ಉಳಿದ ಮನೆಗಳಲ್ಲಿ ಮಕ್ಕಳದ್ದು ಹೆಚ್ಚುವ ಕಡೆಗಿತ್ತು. ತಪ್ಪು ಹೊರಿಸಲು ಇದನ್ನು ಹೇಳುತ್ತಿಲ್ಲ. ನಿಮಗೆ ಸಹಾಯ ಬೇಕಾಗಿದ್ದರೆ ಅದನ್ನು ಪಡೆಯುವುದೂ ಮಗಳ ಚಿಕಿತ್ಸೆಯ ಭಾಗವೇ. ಮನೆಯ ಇನ್ನೊಬ್ಬ ದೊಡ್ಡವರು ಆ 15 ನಿಮಿಷವನ್ನು ವಾರದಲ್ಲಿ ಕೆಲವು ದಿನ ವಹಿಸಿಕೊಳ್ಳಲಿ.

ಚಿಕಿತ್ಸೆ ಎಂದೊಡನೆ ಮಾತ್ರೆಯ ಭಯ ಬೇಡ. ಈ ವಯಸ್ಸಿನಲ್ಲಿ ಮೊದಲ ಹೆಜ್ಜೆ ಮಾತು ಮತ್ತು ಆಟದ ಮೂಲಕ ನಡೆಯುವ ಚಿಕಿತ್ಸೆ, ಅದರಲ್ಲೂ ತಂದೆತಾಯಿಯನ್ನು ಒಳಗೊಂಡದ್ದು. ಲೂಬಿಯವರ ತಂಡ 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 3ರಿಂದ 6 ವರ್ಷದ, ಖಿನ್ನತೆಯಿದ್ದ 229 ಮಕ್ಕಳು ಮತ್ತು ಅವರ ಪೋಷಕರಿದ್ದರು. ಮಗುವಿನೊಂದಿಗೆ ಪೋಷಕರು ಇರುವಾಗ ಚಿಕಿತ್ಸಕರು ಕಿವಿಯ ಪುಟ್ಟ ಸಾಧನದ ಮೂಲಕ ಅವರಿಗೆ ಆ ಕ್ಷಣಕ್ಕೆ ತಕ್ಕ ಮಾತು ಹೇಳಿಕೊಡುವುದು ಈ ವಿಧಾನ. 18 ವಾರಗಳ ಬಳಿಕ, ಚಿಕಿತ್ಸೆಗಾಗಿ ಕಾಯುತ್ತಿದ್ದ ಗುಂಪಿಗಿಂತ ಈ ಮಕ್ಕಳಲ್ಲಿ ಖಿನ್ನತೆ ಬಹಳ ಕಡಿಮೆಯಾಗಿತ್ತು, ಪೋಷಕರ ಮನಸ್ಸೂ ಹಗುರವಾಗಿತ್ತು. ಈ ನಿರ್ದಿಷ್ಟ ವಿಧಾನ ಎಲ್ಲೆಡೆ ಸಿಗದಿದ್ದರೂ, 'ನನ್ನನ್ನೂ ಕೂರಿಸಿಕೊಂಡು ಹೇಳಿಕೊಡುತ್ತೀರಾ' ಎಂದು ನೀವು ನೋಡುವ ತಜ್ಞರನ್ನು ಕೇಳಬಹುದು. ಔಷಧದ ಸ್ಥಾನ ತೀವ್ರವಾದ, ಬೇರೆ ದಾರಿಗೆ ಬಗ್ಗದ ಖಿನ್ನತೆಯಲ್ಲಿ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಮಕ್ಕಳ ಖಿನ್ನತೆಗೆ ಫ್ಲೂಆಕ್ಸೆಟಿನ್ ಔಷಧಕ್ಕೆ ಒಪ್ಪಿಗೆ ಕೊಟ್ಟಿರುವುದು 8 ವರ್ಷದಿಂದ ಮೇಲಕ್ಕೆ. 2004ರಲ್ಲಿ ಅದೇ ಸಂಸ್ಥೆ ಖಿನ್ನತೆಯ ಔಷಧಗಳ ಮೇಲೆ ಎಚ್ಚರಿಕೆ ಮುದ್ರಿಸಲು ಆದೇಶಿಸಿತು: ಮಕ್ಕಳ ಪ್ರಯೋಗಗಳಲ್ಲಿ ಆತ್ಮಹತ್ಯೆಯ ಯೋಚನೆ ಅಥವಾ ನಡವಳಿಕೆ ಔಷಧ ಪಡೆದವರಲ್ಲಿ ಸುಮಾರು 4%, ಹೋಲಿಕೆಗಾಗಿ ಔಷಧವಿಲ್ಲದ ಹುಸಿಮಾತ್ರೆ ಪಡೆದವರಲ್ಲಿ 2% ಕಂಡಿತ್ತು, ಸಾವು ಒಂದೂ ಆಗಿರಲಿಲ್ಲ. ಆದ್ದರಿಂದ ಎಂದಾದರೂ ಔಷಧ ಬೇಕಾದರೆ ಮಕ್ಕಳ ಮನೋವೈದ್ಯರ ಕೈಯಲ್ಲೇ ಆರಂಭವಾಗಬೇಕು, ಮೊದಲ ವಾರಗಳಲ್ಲಿ ಪದೇ ಪದೇ ನೋಡಬೇಕು, ಯಾರೂ ತಾವೇ ಥಟ್ಟನೆ ನಿಲ್ಲಿಸಬಾರದು.

ಚೇತರಿಕೆ ನೇರ ಗೆರೆಯಲ್ಲಿ ಬರುವುದಿಲ್ಲ. ಎರಡು ಒಳ್ಳೆಯ ದಿನಗಳ ನಂತರ ಒಂದು ಕೆಟ್ಟ ದಿನ ಬಂದರೆ ಎಲ್ಲ ಹಾಳಾಯಿತೆಂದು ಕುಗ್ಗಬೇಡಿ. ಒಂದು ಪುಸ್ತಕದಲ್ಲಿ ದಿನಕ್ಕೆ ಎರಡೇ ಸಾಲು ಬರೆದಿಡಿ: ನಿದ್ರೆ, ಊಟ, ಹೊಟ್ಟೆನೋವು, ಏನಾದರೂ ಆಡಿದಳೇ. ವೈದ್ಯರಿಗೆ ಅದು ಬಹಳ ನೆರವಾಗುತ್ತದೆ.

ಕೊನೆಯದಾಗಿ, ಅವಳಿಗೆ ಏನೆಂದು ಹೇಳುವುದು. ಸುಳ್ಳು ಹೇಳಿ ಕರೆದೊಯ್ಯಬೇಡಿ. ಸೂಜಿ ಚುಚ್ಚುತ್ತಾರೋ ಎಂಬ ಭಯವನ್ನು ಮೊದಲೇ ತೆಗೆಯಿರಿ. ಹಿಂದಿನ ದಿನ ಸಂಜೆ, ಅವಳು ಶಾಂತವಾಗಿರುವಾಗ ಹೀಗೆ ಹೇಳಬಹುದು: 'ನಿನಗೆ ತುಂಬಾ ದಿನದಿಂದ ಬೇಸರವಾಗುತ್ತಿದೆ, ಹೊಟ್ಟೆಯೂ ನೋಯುತ್ತಿದೆ. ಅದು ನಿನ್ನ ತಪ್ಪಲ್ಲ. ಮಕ್ಕಳ ಬೇಸರ ಅರ್ಥಮಾಡಿಕೊಳ್ಳುವ ಡಾಕ್ಟರೊಬ್ಬರಿದ್ದಾರೆ. ಅವರು ಮಾತಾಡುತ್ತಾರೆ, ಆಟದ ಸಾಮಾನೂ ಇಟ್ಟಿರುತ್ತಾರೆ, ಸೂಜಿ ಚುಚ್ಚುವುದಿಲ್ಲ. ನಿನಗೆ ಮಾತಾಡಬೇಕು ಅನಿಸದಿದ್ದರೆ ಸುಮ್ಮನಿರಬಹುದು. ನಿನಗೆ ಹೇಗೆ ಸಹಾಯ ಮಾಡಬೇಕು ಎಂದು ನಾನೂ ಅವರಿಂದ ಕಲಿಯಬೇಕು, ಅದಕ್ಕೇ ಇಬ್ಬರೂ ಹೋಗೋಣ.' ಬಣ್ಣದ ಪೆಟ್ಟಿಗೆಯನ್ನು ಚೀಲದಲ್ಲಿ ಹಾಕಿಕೊಳ್ಳಿ. ತೆಗೆಯುವುದೂ ಬಿಡುವುದೂ ಅವಳಿಗೆ ಸೇರಿದ್ದು.